ಮಣ್ಣು ಬೇಯಿಸುವ ಮುನ್ನ

ಜೇಡದ ಪೆಟ್ಟಿಗೆಗೆ ಹಾಕುವ ಮಣ್ಣನ್ನು ಮೊದಲು ಓವನ್ನಿನಲ್ಲಿ ಬೇಯಿಸಬೇಕೇ? ಟರಾಂಟುಲಾ ಸಾಕುವವರಿಗೆ ಇದು ಡಿಗ್ರಿಯ, ನಿಮಿಷದ ಪ್ರಶ್ನೆ. ಜೈನಳಾದ ನನಗೆ ಇದು ಶ್ರಾವಕಾಚಾರದ ಪ್ರಶ್ನೆ. ಸಂಸಾರದಲ್ಲಿದ್ದುಕೊಂಡೇ ಅಹಿಂಸೆಯ ವ್ರತ ಹಿಡಿದವರು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು ಎಂದು ಅಳೆಯುವ ಪ್ರಶ್ನೆ.

ನಾನು ಮೂಡುಬಿದಿರೆಯವಳು. ಸಾವಿರ ಕಂಬದ ಬಸದಿಗೆ ನಡೆದು ಹೋಗುವಷ್ಟು ಹತ್ತಿರದ ಮನೆಯಲ್ಲಿ ಬೆಳೆದೆ. ಮದುವೆಯಾದ ಮೇಲೆ ಅಮೆರಿಕಕ್ಕೆ ಬಂದು ಅರಿಜೋನಾದ ಟೂಸಾನ್ ಎಂಬ ಮರುಭೂಮಿಯ ಊರಿನಲ್ಲಿ ನೆಲೆಯಾದೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಒಂದು ಹೆಣ್ಣು ಟರಾಂಟುಲಾ ಇದೆ. ಮಗ ಹೈಸ್ಕೂಲಿನಲ್ಲಿದ್ದಾಗ ತಂದದ್ದು. ಅವನು ಓದಲು ಬೇರೆ ರಾಜ್ಯಕ್ಕೆ ಹೋದ, ಹಾಸ್ಟೆಲಿನಲ್ಲಿ ಪ್ರಾಣಿ ಇಡಲು ಬಿಡುವುದಿಲ್ಲ, ಜೇಡ ನನ್ನ ಪಾಲಿಗೆ ಉಳಿಯಿತು. ಜಾತಿ ಬ್ರಾಕಿಪೆಲ್ಮಾ ಹಮೋರಿ. ಮೆಕ್ಸಿಕೋದ ಪಶ್ಚಿಮ ಕರಾವಳಿಯ ಒಣ ಕುರುಚಲು ಕಾಡು ಇದರ ತವರು. ಮೈ ಕಪ್ಪು, ಕಾಲಿನ ಗಂಟುಗಳಲ್ಲಿ ಕಿತ್ತಳೆ ಕೆಂಪು. ಹೆಣ್ಣಾದರೆ 20 ವರ್ಷ ದಾಟಿಯೂ ಬದುಕುತ್ತದೆ. ಅಂದರೆ ನನ್ನ ಮುಪ್ಪಿನ ಬಹುಪಾಲು ದಿನಗಳನ್ನು ನಾವಿಬ್ಬರೂ ಒಂದೇ ಸೂರಿನಡಿ ಕಳೆಯಬೇಕಾಗಿದೆ.

ಹೋಗುವಾಗ ಮಗ ಒಂದು ಚೀಟಿ ಬರೆದಿಟ್ಟ. ನೀರು ಯಾವಾಗ ತುಂಬಬೇಕು, ಆಹಾರ ಯಾವಾಗ, ಪೊರೆ ಕಳಚುವಾಗ ಮುಟ್ಟಬಾರದು ಎಂಬುದೆಲ್ಲ ಅದರಲ್ಲಿತ್ತು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದ: ಹೊಸ ಮಣ್ಣು ಹಾಕುವ ಮುಂಚೆ ಒದ್ದೆ ಮಾಡಿ, ಟ್ರೇಯಲ್ಲಿ ಹರಡಿ, ಅಲ್ಯೂಮಿನಿಯಂ ಹಾಳೆ ಮುಚ್ಚಿ, ಓವನ್ನಿನಲ್ಲಿ 200 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ ಇಡಬೇಕು. ತೊಗಟೆಗೂ ಕಟ್ಟಿಗೆಗೂ ಹಾಗೆಯೇ.

"ಯಾಕೆ ಮಗಾ?" ಎಂದು ಫೋನಿನಲ್ಲಿ ಕೇಳಿದೆ.

"ಒಳಗಿರೋದೆಲ್ಲ ಸಾಯ್ಬೇಕಲ್ಲ ಅಮ್ಮ. ನುಸಿ, ಹುಳದ ಮೊಟ್ಟೆ, ಬೂಸ್ಟು, ಎಲ್ಲ."

ಅವನದು ಕ್ರೂರ ಮನಸ್ಸಲ್ಲ. ಆ ಜೇಡದ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಆದರೆ ಎಲ್ಲ ಸಾಯಬೇಕು ಎಂಬ ಮಾತನ್ನು ನಮ್ಮ ಅಡುಗೆಮನೆಯ ಓವನ್ನಿನ ಮುಂದೆ ನಿಂತು ಹಾಗೆಯೇ ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ. ನಮ್ಮಲ್ಲಿ ಮಣ್ಣೇ ಒಂದು ಜೀವ. ಪೃಥ್ವೀಕಾಯ, ಸ್ಪರ್ಶ ಒಂದೇ ಇಂದ್ರಿಯ. ಆ ಮಣ್ಣಿನೊಳಗೆ ಎರಡು ಇಂದ್ರಿಯದ ಹುಳ, ಮೂರು ಇಂದ್ರಿಯದ ಇರುವೆ. ಅವೆಲ್ಲ ಚಲಿಸುವ ಜೀವಗಳು, ತ್ರಸ. ಮುನಿಗಳಿಗೆ ಸ್ಥಾವರ, ತ್ರಸ ಎರಡರ ಹಿಂಸೆಯೂ ನಿಷಿದ್ಧ. ಸಂಸಾರಿಗಳಾದ ನಮಗೆ ಅಣುವ್ರತ: ತ್ರಸ ಜೀವವನ್ನು ಸಂಕಲ್ಪ ಮಾಡಿ ಕೊಲ್ಲಬಾರದು, ಸ್ಥಾವರದ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಅನ್ನ ಬೇಯಿಸುವಾಗ, ಮನೆ ಗುಡಿಸುವಾಗ ಆಗುವುದು ಆರಂಭೀ ಹಿಂಸೆ, ಸಂಸಾರದಲ್ಲಿ ಅದು ತಪ್ಪುವುದಿಲ್ಲ. ಮಣ್ಣನ್ನು ಬೇಯಿಸುವುದು ಅಡುಗೆಯ ಸಾಲಿಗೆ ಸೇರುತ್ತದೆಯೋ, ಸಂಕಲ್ಪದ ಸಾಲಿಗೋ? ಒಳಗಿರುವುದು ಸಾಯಲಿ ಎಂದೇ ಉರಿ ಹೊತ್ತಿಸುವಾಗ ಉತ್ತರ ಸುಲಭವಲ್ಲ.

ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳಿಗೂ ಓದಿಸುತ್ತಿದ್ದರು. ಅದರಲ್ಲಿ ಅನರ್ಥದಂಡದ ಮಾತು ಬರುತ್ತದೆ. ಪ್ರಯೋಜನವಿಲ್ಲದೆ ಮಾಡುವ ಪಾಪ ಅದು. ಅದರ ಐದು ಬಗೆಗಳಲ್ಲಿ ಒಂದು ಪ್ರಮಾದಚರ್ಯೆ. ಸುಮ್ಮನೆ ನೆಲ ಅಗೆಯುವುದು, ಸುಮ್ಮನೆ ನೀರು ಚೆಲ್ಲುವುದು, ಸುಮ್ಮನೆ ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡ ಕಡಿಯುವುದು, ಅಲೆಯುವುದು, ಅಲೆಸುವುದು. ಮಗನ ಚೀಟಿಯ ಕೊನೆಯ ಸಾಲನ್ನು ಇದರ ಪಕ್ಕ ಇಟ್ಟು ನೋಡಿ: ಮಣ್ಣು, ನೀರು, ಬೆಂಕಿ ಮೂರೂ ಒಂದೇ ಟ್ರೇಯಲ್ಲಿವೆ. ಆದರೆ ಆಚಾರ್ಯರು ಬೆಂಕಿ ಹೊತ್ತಿಸಲೇಬಾರದು ಎನ್ನಲಿಲ್ಲ, ನಿಷ್ಫಲವಾಗಿ ಹೊತ್ತಿಸಬಾರದು ಎಂದರು. ಹಾಗಾದರೆ ಇದು ಸಫಲವೋ ನಿಷ್ಫಲವೋ ಎಂದು ತಿಳಿಯಲು ನಾನು ಜೇಡದ ಬದುಕನ್ನೂ ಮಣ್ಣಿನ ಬದುಕನ್ನೂ ಕಲಿಯಲೇಬೇಕಾಯಿತು. ಧರ್ಮ ನನ್ನನ್ನು ಜೀವಶಾಸ್ತ್ರದ ಬಾಗಿಲಿಗೆ ತಂದು ನಿಲ್ಲಿಸಿತು. ಅದಕ್ಕೆ ನಾನು ಕೃತಜ್ಞಳು.

ಕಲಿತದ್ದು ಇದು. ಸಸಿ ಬೆಳೆಸುವವರು ಒದ್ದೆ ಮಣ್ಣನ್ನು 82 ಡಿಗ್ರಿ ಸೆಲ್ಸಿಯಸ್‌ಗೆ ತಂದು ಅರ್ಧ ಗಂಟೆ ಇಡುತ್ತಾರೆ. ಅಷ್ಟಕ್ಕೆ ನುಸಿ, ಹುಳ, ಅವುಗಳ ಮೊಟ್ಟೆ, ಬಹುಪಾಲು ಬೂಸ್ಟು ಸಾಯುತ್ತವೆ. ಗಟ್ಟಿ ಜಾತಿಯ ಬ್ಯಾಕ್ಟೀರಿಯಾಗಳ ಬೀಜಕಣ ಉಳಿಯುತ್ತವೆ. ಆದ್ದರಿಂದ ಮನೆಯ ಓವನ್ನಿನಲ್ಲಿ ಮಣ್ಣು ಪೂರ್ತಿ ನಿರ್ಜೀವವಾಗುವುದಿಲ್ಲ, ಬರಿದಾಗುತ್ತದೆ, ಅಷ್ಟೇ. ಬರಿದಾದ ಮಣ್ಣನ್ನು ಒದ್ದೆಯಾಗಿ ಪೆಟ್ಟಿಗೆಗೆ ತುಂಬಿದರೆ ಏನಾಗುತ್ತದೆ? ಗಾಳಿಯಲ್ಲಿ ತೇಲಿ ಬಂದ ಮೊದಲ ಬೂಸ್ಟಿನ ಕಣಕ್ಕೆ ಎದುರಾಳಿಯೇ ಇರುವುದಿಲ್ಲ. ಅದು ಅಂಚಿನಿಂದ ಅಂಚಿಗೆ ಹರಡುತ್ತದೆ. ಜೀವವಿರುವ ಮಣ್ಣಿನಲ್ಲಿ ನೂರು ಬಗೆಯ ಸೂಕ್ಷ್ಮಜೀವಿಗಳು ಜಾಗಕ್ಕಾಗಿ ಒಂದನ್ನೊಂದು ಹಿಡಿದು ನಿಲ್ಲಿಸಿರುತ್ತವೆ. ಬೂಸ್ಟನ್ನೇ ತಿಂದು ಬದುಕುವ ಸ್ಪ್ರಿಂಗ್‌ಟೇಲ್ ಎಂಬ ನೆಗೆಯುವ ಪುಟ್ಟ ಬಿಳಿ ಜೀವಿಗಳಿರುತ್ತವೆ. ಹಸಿ ನೆಲದ ಜಾತಿಯ ಟರಾಂಟುಲಾ ಸಾಕುವವರು ಇವನ್ನು ದುಡ್ಡು ಕೊಟ್ಟು ತಂದು ಬಿಡುತ್ತಾರೆ. ಒಬ್ಬರು ಬೇಯಿಸಿ ಕೊಂದದ್ದನ್ನೇ ಇನ್ನೊಬ್ಬರು ಕೊಂಡು ತರುತ್ತಿದ್ದಾರೆ.

ಇನ್ನು ನುಸಿ. ಪೆಟ್ಟಿಗೆಯಲ್ಲಿ ಬಿಳಿ ನುಸಿ ಏಳುವುದಕ್ಕೆ ಸಾಮಾನ್ಯವಾಗಿ ಕಾರಣ ಜೇಡ ತಿಂದು ಬಿಟ್ಟ ಎಂಜಲು, ಅದರ ಜೊತೆಗೆ ತೇವ. ಎಂಜಲು ತೆಗೆದು, ಹಾಸನ್ನು ಒಣಗಿಸಿಟ್ಟರೆ ನುಸಿ ನಿಲ್ಲುವುದಿಲ್ಲ. ನಮ್ಮ ಮನೆಯ ಜೇಡ ಒಣನೆಲದ್ದು. ಅದಕ್ಕೆ ಬೇಕಾದದ್ದು ಒಣ ಹಾಸು, ಒಂದು ಮೂಲೆಯಲ್ಲಿ ಸ್ವಲ್ಪ ತೇವ, ಒಂದು ಬಟ್ಟಲು ನೀರು. ಜೇಡಕ್ಕೆ ಹಿತವಾದ ಒಣತನವೇ ನುಸಿಗೆ ಜಾಗ ಕೊಡದು. ಇಲ್ಲಿ ಕೊಲ್ಲುವ ಪ್ರಶ್ನೆಯೇ ಏಳುವುದಿಲ್ಲ, ಹುಟ್ಟದಂತೆ ನೋಡಿಕೊಳ್ಳುವುದಷ್ಟೇ. ಮಳೆಗಾಲಕ್ಕೆ ಮುಂಚೆ ನಮ್ಮ ಅಜ್ಜಿ ಬೇಳೆಕಾಳನ್ನು ಅಂಗಳದ ಚಾಪೆಯ ಮೇಲೆ ಬಿಸಿಲಿಗೆ ಹಾಕುತ್ತಿದ್ದದ್ದೂ ಇದಕ್ಕಾಗಿಯೇ. ಹುಳ ಬಿದ್ದ ಮೇಲೆ ಕೇರಿ ಕೊಲ್ಲುವ ಪಾಪ ಬರದಿರಲಿ ಎಂದು ಹುಳ ಬೀಳುವ ಮುಂಚೆಯೇ ಒಣಗಿಸುವುದು.

ಇಲ್ಲಿಂದ ನನಗೆ ಸ್ಪಷ್ಟವಾಯಿತು: ಅಹಿಂಸೆಯ ಕೆಲಸವೆಲ್ಲ ಆಯ್ಕೆಯ ಹೊತ್ತಿನಲ್ಲಿದೆ. ಆರಿಸುವಾಗ ಎಚ್ಚರ ತಪ್ಪಿದರೆ ಆಮೇಲೆ ಓವನ್ ಬೇಕಾಗುತ್ತದೆ.

ಮಣ್ಣಿನ ಆಯ್ಕೆ ಹೇಳುತ್ತೇನೆ. ಮನೆಯ ಹಿತ್ತಲಿನಾಚೆಯೇ ಸೊನೋರಾ ಮರುಭೂಮಿ ಇರುವಾಗ ಮಣ್ಣನ್ನು ದುಡ್ಡಿಗೆ ತರುವುದೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಈ ಮರುಭೂಮಿಯ ಮೇಲ್ಪದರವೇ ಜೀವಂತ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಹಾವಸೆ ಸೇರಿ ಮರಳಿನ ಮೇಲೆ ಒಂದು ಗಟ್ಟಿ ಪೊರೆ ಕಟ್ಟಿರುತ್ತವೆ. ಗಾಳಿಗೆ ನೆಲ ಹಾರಿಹೋಗದಂತೆ ಹಿಡಿದಿರುವುದು ಅದೇ. ಒಂದು ಹೆಜ್ಜೆ ಮುರಿದದ್ದು ಕೂಡಿಕೊಳ್ಳಲು ಹಲವು ವರ್ಷ, ಕೆಲವೊಮ್ಮೆ ದಶಕಗಳೇ ಬೇಕು. ಅದರ ಮೇಲೆ ಗುದ್ದಲಿ ಹಾಕುವುದು ಪ್ರಮಾದಚರ್ಯೆ ಅಲ್ಲದೆ ಮತ್ತೇನು? ಮನುಷ್ಯರಿಗೂ ಅಪಾಯವಿದೆ. ಅರಿಜೋನಾದ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರವಿದೆ. ಒಣ ನೆಲ ಅಗೆದಾಗ ಏಳುವ ಧೂಳಿನ ಜೊತೆ ಅದು ಶ್ವಾಸಕೋಶ ಸೇರಿದರೆ ವ್ಯಾಲಿ ಫೀವರ್ ಬರುತ್ತದೆ. ಇಲ್ಲಿ ನೆಲೆಸಿದ ಎಲ್ಲರಿಗೂ ಆ ಹೆಸರು ಗೊತ್ತು.

ಪೀಟ್ ಪಾಚಿಯನ್ನು ಬಹಳ ಜನ ಬಳಸುತ್ತಾರೆ. ನೀರು ಹಿಡಿಯುತ್ತದೆ, ಹುಳಿಗುಣವಿರುವುದರಿಂದ ಬೂಸ್ಟು ತಡವಾಗಿ ಬರುತ್ತದೆ, ಜೇಡ ಬಿಲ ಕೊರೆದರೆ ಕುಸಿಯುವುದಿಲ್ಲ. ಆದರೆ ಅದು ಬರುವುದು ಹೆಚ್ಚಾಗಿ ಕೆನಡಾದ ಜೌಗುಗಳಿಂದ. ಆ ಜೌಗಿನಲ್ಲಿ ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಪೆಟ್ಟಿಗೆಯಲ್ಲಿ ಆರು ಅಂಗುಲ ತುಂಬಿದರೆ ಒಂದೂವರೆ ಶತಮಾನವನ್ನು ತುಂಬಿದ ಹಾಗಾಯಿತು. ಒಂದು ಸಾಕು ಜೇಡಕ್ಕೆ ಅಷ್ಟು ಬೇಡ ಎಂಬುದು ನನ್ನ ಮತ.

ನಾನು ತರುವುದು ತೆಂಗಿನ ನಾರಿನ ಪುಡಿ, ಕೋಕೋಪೀಟ್. ಒತ್ತಿ ಇಟ್ಟಿಗೆ ಮಾಡಿರುತ್ತಾರೆ. 650 ಗ್ರಾಮಿನ ಇಟ್ಟಿಗೆ ನೀರು ಕುಡಿದರೆ ಏಳೆಂಟು ಲೀಟರ್ ಆಗುತ್ತದೆ. ಈ ಇಟ್ಟಿಗೆಗಳು ಶ್ರೀಲಂಕಾದಿಂದಲೋ ನಮ್ಮ ದಕ್ಷಿಣ ಭಾರತದಿಂದಲೋ ಬಂದಿರುತ್ತವೆ. ನಾರು ಬಿಡಿಸಿದ ಮೇಲೆ ಉಳಿಯುವ ಪುಡಿ ಇದು. ಒಂದು ಕಾಲಕ್ಕೆ ನಾರಿನ ಕಾರ್ಖಾನೆಗಳ ಪಕ್ಕ ಕೇಳುವವರಿಲ್ಲದೆ ಗುಡ್ಡೆ ಬಿದ್ದಿರುತ್ತಿತ್ತು. ತೆಂಗಿನಕಾಯಿಯನ್ನು ಯಾರೋ ಅಡುಗೆಗೆ ಬಳಸಿಯಾಗಿದೆ, ಇದಕ್ಕಾಗಿ ಹೊಸದಾಗಿ ಒಂದು ಗಿಡವನ್ನೂ ಕಡಿಯಬೇಕಿಲ್ಲ, ಒಂದು ಜೌಗನ್ನೂ ಬಗೆಯಬೇಕಿಲ್ಲ. ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ, ಆದ್ದರಿಂದ ಚೆನ್ನಾಗಿ ತೊಳೆದದ್ದನ್ನೇ ಕೇಳಿ ತರಬೇಕು. ಬಿಸಿನೀರು ಸುರಿದರೆ ಇಟ್ಟಿಗೆ ಬೇಗ ಬಿಚ್ಚಿಕೊಳ್ಳುತ್ತದೆ. ನಾನು ತಣ್ಣೀರು ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಹಿಂಡಿ, ಹಳೆಯ ಬಿಳಿ ಪಂಚೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಡುತ್ತೇನೆ. ಟೂಸಾನಿನ ಮೇ ತಿಂಗಳಿಗೆ ಬೇರೆ ಯಂತ್ರ ಬೇಡ. ತೇವ ಹಾಗೇ ಉಳಿದು ಜೀವ ನೆಲೆಗೊಳ್ಳುವ ಮುಂಚೆಯೇ ಅದು ಆರಿ ಗರಿಗರಿಯಾಗುತ್ತದೆ. ಗಟ್ಟಿತನಕ್ಕೆ ಸ್ವಲ್ಪ ವರ್ಮಿಕ್ಯುಲೈಟ್ ಬೆರೆಸುವವರೂ ಇದ್ದಾರೆ. ಅದು ಖನಿಜ, ಕಾರ್ಖಾನೆಯ ಕುಲುಮೆಯಲ್ಲಿ ಅರಳಿಯೇ ಬಂದಿರುತ್ತದೆ, ಮನೆಯಲ್ಲಿ ಮತ್ತೆ ಕಾಯಿಸುವುದರಲ್ಲಿ ಅರ್ಥವಿಲ್ಲ. ಗೊಬ್ಬರ ಸೇರಿಸಿದ ಕುಂಡದ ಮಣ್ಣು, ದೇವದಾರು ಅಥವಾ ಪೈನ್ ಮರದ ಹೊಟ್ಟು ಬೇಡವೇ ಬೇಡ. ಆ ಮರಗಳ ಎಣ್ಣೆ ಜೇಡಕ್ಕೆ ವಿಷ, ಅದನ್ನು ಯಾವ ಬೆಂಕಿಯೂ ಶುದ್ಧ ಮಾಡುವುದಿಲ್ಲ.

ಅಡಗಲು ಕೊಡುವ ಮರೆಗೆ ನಾನು ಆರಿಸಿದ್ದು ಕಾರ್ಕ್ ತೊಗಟೆ. ಪೋರ್ಚುಗಲ್, ಸ್ಪೇನ್ ಕಡೆಯ ಕಾರ್ಕ್ ಓಕ್ ಮರದ್ದು. ಮರ ಕಡಿಯದೆ ತೊಗಟೆಯನ್ನಷ್ಟೇ ಸುಲಿಯುತ್ತಾರೆ, ಒಂದು ಸಲ ಸುಲಿದರೆ ಮುಂದೆ ಸುಮಾರು ಒಂಬತ್ತು ವರ್ಷ ಮುಟ್ಟುವುದಿಲ್ಲ. ಬೂಸ್ಟು ಹಿಡಿಯುವುದೂ ಕಡಿಮೆ. ದ್ರಾಕ್ಷಿ ಬಳ್ಳಿಯ ಕಟ್ಟಿಗೆ ನೋಡಲು ಚಂದ, ತೇವ ತಾಗಿದರೆ ಬೂಸ್ಟಿನ ಮನೆ. ಈ ಊರಿನಲ್ಲಿ ಚೋಯಾ ಕಳ್ಳಿಯ ಒಣ ಎಲುಬುಗೂಡು ಎಲ್ಲೆಂದರಲ್ಲಿ ಬಿದ್ದಿರುತ್ತದೆ, ಜಾಲರಿಯಂತೆ ತೂತು ತೂತು. ಸುಲಭವಾಗಿ ಸಿಗುತ್ತದೆ ಎಂದು ಎತ್ತಿಕೊಂಡು ಬರುವ ಮುಂಚೆ ಅದನ್ನೊಮ್ಮೆ ಅಲ್ಲಾಡಿಸಿ ನೋಡಬೇಕು. ಆ ತೂತುಗಳೊಳಗೆ ಇರುವೆ, ಗೆದ್ದಲು, ಒಮ್ಮೊಮ್ಮೆ ಚೇಳು. ಕಾಡಿನಲ್ಲಿ ಬಿದ್ದಿರುವ ಕಟ್ಟಿಗೆಗೆ ಅದಾಗಲೇ ಒಡೆಯರಿದ್ದಾರೆ. ತಂದು ಬೇಯಿಸುವುದಕ್ಕಿಂತ ತಾರದಿರುವುದು ಲೇಸು. ಅಂಗಡಿಯ ಕಾರ್ಕ್ ತೊಗಟೆಯ ಸಂದಿಯಲ್ಲೂ ಏನಾದರೂ ಇರಬಹುದೆಂದು ನಾನು ಅದನ್ನು ಬಿಳಿ ಬಟ್ಟೆಯ ಮೇಲೆ ತಟ್ಟಿ, ಮೃದುವಾದ ಬ್ರಷ್ಷಿನಿಂದ ಸವರಿ, ನೆರಳಲ್ಲಿ ಬಿಟ್ಟು, ಮತ್ತೆ ತಟ್ಟಿ ನೋಡುತ್ತೇನೆ. ಕೂರುವ ಮುಂಚೆ ನವಿಲುಗರಿಯ ಪಿಂಛಿಯಿಂದ ನೆಲ ಸವರುವ ಮುನಿಗಳನ್ನು ಚಿಕ್ಕಂದಿನಿಂದ ಕಂಡವಳಿಗೆ ಆ ಕೈ ತಾನಾಗಿ ಬರುತ್ತದೆ. ಕಲ್ಲಿನ ವಿಷಯ ಎರಡೇ ಮಾತು: ಹೊಳೆಯ ಕಲ್ಲನ್ನು ಒಲೆಯ ಮೇಲೋ ಓವನ್ನಿನಲ್ಲೋ ಇಡಬೇಡಿ, ಒಳಗಿನ ನೀರು ಉಗಿಯಾಗಿ ಕಲ್ಲು ಸಿಡಿಯಬಹುದು. ಪೆಟ್ಟಿಗೆಯಲ್ಲಿಟ್ಟರೆ ತಳಕ್ಕೇ ಕೂರಿಸಿ, ಇಲ್ಲವಾದರೆ ಜೇಡ ಅದರಡಿ ಬಿಲ ತೋಡಿದಾಗ ಕಲ್ಲು ಅದರ ಮೇಲೆಯೇ ಕುಸಿಯುತ್ತದೆ.

ನಮ್ಮ ಸ್ವಾಧ್ಯಾಯದ ಗುಂಪಿನ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ಒಂದು ಗಟ್ಟಿಯಾದ ಆಕ್ಷೇಪ ಎತ್ತಿದರು. "ಅಲ್ಲಮ್ಮಾ, ಮುನಿಗಳಿಗೆ ನಾವು ಕುದಿಸಿದ ನೀರನ್ನೇ ಕೊಡುತ್ತೇವಲ್ಲ. ನೀರನ್ನು ಪ್ರಾಸುಕ ಮಾಡಬಹುದಾದರೆ ಮಣ್ಣನ್ನು ಯಾಕೆ ಮಾಡಬಾರದು?" ಒಂದು ಸಲ ಕುದಿಸಿದರೆ ಆ ಕ್ಷಣದ ಜೀವಗಳು ಹೋಗುತ್ತವೆ, ಆದರೆ ಆಮೇಲೆ ಗಳಿಗೆ ಗಳಿಗೆಗೂ ಹುಟ್ಟಿ ಸಾಯುವುದು ನಿಲ್ಲುತ್ತದೆ ಎಂಬುದು ನೀರನ್ನು ಪ್ರಾಸುಕ, ಅಂದರೆ ನಿರ್ಜೀವ, ಮಾಡುವುದಕ್ಕೆ ನಮ್ಮಲ್ಲಿ ಹೇಳುವ ಕಾರಣ.

ನಾನು ಬಹಳ ಯೋಚಿಸಿದೆ. ಉತ್ತರ ಆ ನಿಯಮದ ಇನ್ನೊಂದು ತುದಿಯಲ್ಲಿಯೇ ಇದೆ. ಬಟ್ಟೆಯಲ್ಲಿ ಸೋಸಿದ ನೀರಿಗೆ 48 ನಿಮಿಷದ ಅವಧಿ, ಕುದಿಸಿದ್ದಕ್ಕೆ 24 ಗಂಟೆ. ಅಷ್ಟರೊಳಗೆ ಅದು ಬಳಕೆಯಾಗಿ ಮುಗಿಯಬೇಕು. ಕುದಿಸುವ ಹಿಂಸೆಗೆ ಅರ್ಥ ಬರುವುದು ಆ ಗಡುವಿನಿಂದ. ಜೇಡದ ಹಾಸು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿರುತ್ತದೆ. ಬೇಯಿಸಿದ ಮರುವಾರವೇ ಅಲ್ಲಿ ಜೀವ ಮತ್ತೆ ಶುರು. ಹಾಗಾದರೆ ಮೊದಲ ಬೆಂಕಿ ಯಾವ ಹುಟ್ಟನ್ನೂ ತಡೆಯಲಿಲ್ಲ, ಇದ್ದದ್ದನ್ನು ಕೊಂದಿತು, ಅಷ್ಟೇ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀರಿನ ಮಾತು ಬೇರೆ ಅನ್ನು" ಎಂದರು.

ನೀರಿನ ಮಾತು ಬಂತು, ಅಜ್ಜಿಯ ಬಾವಿಯನ್ನೂ ಹೇಳಿಬಿಡುತ್ತೇನೆ. ಏಕೆಂದರೆ ಈ ವಿಷಯದಲ್ಲಿ ನನಗೆ ಅತ್ಯಂತ ದೊಡ್ಡ ಪಾಠ ಅಲ್ಲಿಂದ ಬಂತು. ನೀರು ಸೇದಿ ದಪ್ಪ ಬಟ್ಟೆಯನ್ನು ಮಡಚಿ ಸೋಸಿದ ಮೇಲೆ ಕೆಲಸ ಮುಗಿಯುತ್ತಿರಲಿಲ್ಲ. ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಅದರ ಮೇಲೆ ಹೊಯ್ದು, ಅಲ್ಲಿ ಉಳಿದ ಜೀವಗಳನ್ನು ಕೊಡದಲ್ಲಿ ಹಿಡಿದು, ಮೆಲ್ಲನೆ ಬಾವಿಗೆ ಇಳಿಸಬೇಕು. ಮೇಲಿನಿಂದ ಎತ್ತಿ ಸುರಿಯುವಂತಿಲ್ಲ. ಯಾವ ಬಾವಿಯ ನೀರೋ ಅದೇ ಬಾವಿಗೆ, ಪಕ್ಕದ ಮನೆಯ ಬಾವಿಗೂ ಅಲ್ಲ. ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬದುಕದು, ಅಲ್ಲಿಯವಕ್ಕೂ ಕೇಡು ಎಂದು ಅಜ್ಜಿ ಹೇಳುತ್ತಿದ್ದರು.

ಇಂದು ವನ್ಯಜೀವಿ ತಜ್ಞರು ಹೇಳುವುದು ಇದನ್ನೇ. ಹೊರದೇಶದ ಪ್ರಾಣಿಯ ಪೆಟ್ಟಿಗೆಯಲ್ಲಿದ್ದ ಮಣ್ಣನ್ನು ಹಿತ್ತಲಿಗೆ ಸುರಿಯಬೇಡಿ, ಅದರೊಡನೆ ಬಂದ ನುಸಿ, ಹುಳ, ರೋಗಾಣು ಸ್ಥಳೀಯ ಜೀವಗಳಿಗೆ ತಗಲುತ್ತವೆ ಎಂದು. ಟೂಸಾನಿನ ಮಟ್ಟಿಗೆ ಇದು ದೂರದ ಮಾತಲ್ಲ, ಈ ಮರುಭೂಮಿಗೆ ತನ್ನದೇ ಟರಾಂಟುಲಾಗಳಿವೆ. ಆದ್ದರಿಂದ ನನ್ನ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇನೆ. ಹಿತ್ತಲಿನ ಮೆಸ್ಕೀಟ್ ಮರದಡಿಯಿಂದ ಯಾವುದೇ ಕಾರಣಕ್ಕೆ ಒಂದು ಹಿಡಿ ಒಣ ಎಲೆ ತಂದರೂ ಅದು ಅದೇ ಮರದಡಿಗೆ ಹಿಂದಿರುಗಬೇಕು, ಜೇಡದ ಪೆಟ್ಟಿಗೆ ಸೇರಬಾರದು. ಜೇಡದ ಹಳೆಯ ಹಾಸು ಹೊರಗೆ ಹೋಗಬಾರದು. ಅದನ್ನು ಮುಚ್ಚಳವಿರುವ ಬಕೆಟ್ಟಿನಲ್ಲಿ ತುಂಬಿ ಗ್ಯಾರೇಜಿನ ಮೂಲೆಯಲ್ಲಿಡುತ್ತೇನೆ. ಒಳಗಿರುವ ಜೀವಗಳು ಅಲ್ಲಿಯೇ ತಮ್ಮ ಆಯುಷ್ಯ ಮುಗಿಸಲಿ. ಗುಜರಾತಿನಲ್ಲಿ ಪಾಂಜರಾಪೋಳ ಎಂಬ ಕೆಲವು ಪ್ರಾಣಿ ಆಶ್ರಯಗಳಲ್ಲಿ ಹುಳುಗಳಿಗೆಂದೇ ಒಂದು ಕೋಣೆ ಇರುತ್ತಿತ್ತು. ಹುಳ ಬಿದ್ದ ಧಾನ್ಯ, ಕಸದ ಧೂಳನ್ನು ಜನ ಅಲ್ಲಿಗೆ ತಂದು ಬಿಡುತ್ತಿದ್ದರು. ನನ್ನ ಬಕೆಟ್ಟು ಆ ದಾರಿಯದ್ದು. ಅದನ್ನು ತುಂಬುವಾಗ ಕೈಗವಸು, ಮುಖಕ್ಕೆ ಬಟ್ಟೆ ಬೇಕೇ ಬೇಕು. ಈ ಜೇಡ ಹೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಮೇಲಿನ ಕೂದಲು ಕೆರೆದು ಹಾರಿಸುತ್ತದೆ. ಹಳೆಯ ಹಾಸಿನ ತುಂಬ ಆ ಕೂದಲೇ ಇರುತ್ತದೆ. ಚರ್ಮಕ್ಕೆ ತುರಿಕೆ, ಕಣ್ಣಿಗೆ ಬಿದ್ದರೆ ವೈದ್ಯರೇ ಗತಿ.

ಬೆಂಕಿಗೂ ಬ್ಲೀಚಿಗೂ ನ್ಯಾಯವಾದ ಹೊತ್ತು ಇಲ್ಲವೇ? ಇದೆ. 2022ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ವಿಜ್ಞಾನಿಗಳು ಸಾಕಿದ ಟರಾಂಟುಲಾಗಳಲ್ಲಿ ಕಂಡ ಒಂದು ಹೊಸ ದಾರದ ಹುಳುವನ್ನು ವರ್ಣಿಸಿದರು. ಹೆಸರು ಟರಾಂಟೋಬೆಲಸ್ ಜೆಫ್‌ಡೇನಿಯಲ್ಸಿ. ಅದು ಜೇಡದ ಬಾಯಿಯನ್ನು ಹಿಡಿಯುತ್ತದೆ. ಜೇಡ ತಿನ್ನಲಾರದೆ ದಿನದಿಂದ ದಿನಕ್ಕೆ ಸೊರಗಿ ಸಾಯುತ್ತದೆ. ಅಂಥ ರೋಗ ಬಂದ ಪೆಟ್ಟಿಗೆಯ ಹಾಸನ್ನು ಮತ್ತೆ ಬಳಸಬಾರದು, ಗಾಜನ್ನು ಬ್ಲೀಚ್ ನೀರಿನಿಂದ ತೊಳೆಯಲೇಬೇಕು, ತೊಗಟೆಯನ್ನು ತೆಗೆದುಹಾಕಬೇಕು. ಅದು ಆಶ್ರಿತ ಜೀವದ ರಕ್ಷಣೆ. ನಮ್ಮ ಶಾಸ್ತ್ರ ಅದನ್ನು ವಿರೋಧೀ ಹಿಂಸೆ ಎಂದು ಬೇರೆ ಇಟ್ಟಿದೆ, ಸಂಸಾರಿಗೆ ಅಷ್ಟರ ಅವಕಾಶ ಕೊಟ್ಟಿದೆ. ಹಾಗೆ ಬಂದ ದಿನ ನಾನು ಅಳುಕದೆ ಮಾಡುತ್ತೇನೆ. ರೋಗ ಕಂಡಾಗ ಮಾಡುವುದು ಬೇರೆ, ಚೀಟಿಯಲ್ಲಿ ಬರೆದಿದೆ ಎಂದು ಪ್ರತಿ ಸಲ ಮಾಡುವುದು ಬೇರೆ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಮಗನೇ ಒಮ್ಮೆ ಕೇಳಿದ: "ನುಸಿ ಸಾಯುತ್ತೆ ಅಂತ ಇಷ್ಟು ನೊಂದುಕೊಳ್ತೀಯ. ಅದಕ್ಕೆ ಜಿರಳೆ ಹಾಕೋದು ಯಾರು ಅಮ್ಮ?"

ನಾನೇ. ದೊಡ್ಡ ಹೆಣ್ಣು ಜೇಡ ಎರಡು ವಾರಕ್ಕೊಂದು ಜಿರಳೆ ತಿಂದರೂ ಸಾಕು, ಪೊರೆ ಕಳಚುವ ಮುಂಚೆ ತಿಂಗಳುಗಟ್ಟಲೆ ಉಪವಾಸವಿರುತ್ತದೆ. ಆದರೂ ಒಂದೊಂದು ಸಲವೂ ಒಂದು ತ್ರಸ ಜೀವ ನನ್ನ ಕೈಯಿಂದಲೇ ಹೋಗುತ್ತದೆ. ಇದಕ್ಕೆ ನಾನು ಧರ್ಮದ ಹೆಸರು ಕೊಡುವುದಿಲ್ಲ. ಹಿಂಸ್ರ ಪ್ರಾಣಿಯನ್ನು ಕೊಂದರೆ ಅನೇಕ ಜೀವ ಉಳಿಯುತ್ತವಲ್ಲ ಎಂಬ ವಾದವನ್ನು ಅಮೃತಚಂದ್ರ ಆಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು, ಹಾಗೆ ಕೊಲ್ಲಬಾರದು ಎಂದು ತೀರ್ಮಾನ ಕೊಟ್ಟಿದ್ದಾರೆ. ಆಹಾರ ನಿಲ್ಲಿಸುವುದೂ ಕೊಲ್ಲುವುದೇ. ಹೊರಗೆ ಬಿಡುವಂತಿಲ್ಲ, ಇದು ಈ ನೆಲದ ಜಾತಿಯಲ್ಲ. ಬೇರೆಯವರಿಗೆ ಕೊಟ್ಟರೆ ಜಿರಳೆ ಸಾಯುವುದು ತಪ್ಪುವುದಿಲ್ಲ, ನನ್ನ ಕಣ್ಣಿಗೆ ಕಾಣುವುದು ತಪ್ಪುತ್ತದೆ. ದೆಹಲಿಯ ಲಾಲ್ ಮಂದಿರದ ನಮ್ಮವರ ಪಕ್ಷಿ ಆಸ್ಪತ್ರೆಯಲ್ಲಿ ಗಾಯಗೊಂಡ ಹದ್ದು, ಗಿಡುಗಗಳಿಗೂ ಔಷಧ ಹಚ್ಚಿ ಕಳಿಸುತ್ತಾರೆ, ಒಳಗೆ ಇರಿಸಿಕೊಳ್ಳುವುದು ಮಾತ್ರ ಕಾಳು ತಿನ್ನುವ ಹಕ್ಕಿಗಳನ್ನು. ನನಗೆ ಆ ದಾರಿ ಉಳಿದಿಲ್ಲ, ಅವಳು ಆಗಲೇ ಒಳಗಿದ್ದಾಳೆ. ಎರಡು ಪಾಪಗಳ ನಡುವೆ ನಿಂತು ಒಂದನ್ನು ಹೊತ್ತುಕೊಂಡಿದ್ದೇನೆ, ಹೊತ್ತಿದ್ದೇನೆ ಎಂದು ತಿಳಿದೇ ಹೊತ್ತಿದ್ದೇನೆ.

ಆದರೆ ಮಗನ ಪ್ರಶ್ನೆಯ ಒಳಗೆ ಇನ್ನೊಂದು ಮಾತಿದೆ: ಇಷ್ಟು ಹಿಂಸೆ ಹೇಗೂ ನಡೆಯುತ್ತಿದೆ, ಇನ್ನಷ್ಟು ಆದರೆ ಏನಂತೆ? ಇದನ್ನು ನಾನು ಒಪ್ಪುವುದಿಲ್ಲ. ತಪ್ಪಿಸಲಾಗದ ಹಿಂಸೆ ತಪ್ಪಿಸಬಹುದಾದದ್ದಕ್ಕೆ ಪರವಾನಗಿಯಾಗುವುದಿಲ್ಲ. ಜಿರಳೆಯ ಸಾವು ಭಾರವಾದದ್ದು, ಆದರೆ ಅದಕ್ಕೊಂದು ಪ್ರಯೋಜನವಿದೆ, ಒಂದು ಜೀವದ ಹಸಿವು. ರೋಗವಿಲ್ಲದ ಹೊಸ ಹಾಸನ್ನು ಒಂದು ಗಂಟೆ ಬೇಯಿಸುವುದು ಹಗುರವೆನಿಸಬಹುದು, ಅದಕ್ಕೆ ಯಾವ ಪ್ರಯೋಜನವೂ ಇಲ್ಲ. ಅನರ್ಥದಂಡದ ವ್ರತವನ್ನು ಹಿರಿಯರು ಅಹಿಂಸೆಯ ಪಕ್ಕ ಬೇರೆಯಾಗಿ ಇಟ್ಟದ್ದೇ ಈ ಕಾರಣಕ್ಕೆ. ಸಂಪೂರ್ಣ ಶುದ್ಧರಾಗಲು ಆಗದವರಿಗೂ ಒಂದು ಕೆಲಸ ಉಳಿದಿರುತ್ತದೆ: ಬೇಡದ್ದನ್ನು ಬಿಡುವುದು.

ಅದೇ ಕಣ್ಣಿನಿಂದ ಪೆಟ್ಟಿಗೆಯ ಅಲಂಕಾರವನ್ನೂ ನೋಡಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ತಲೆಬುರುಡೆ, ಬಣ್ಣದ ಹರಳು, ರೇಷ್ಮೆಯ ಹೂಬಳ್ಳಿ, ಪುಟ್ಟ ಕೋಟೆ ಎಲ್ಲ ಸಿಗುತ್ತವೆ. ಟರಾಂಟುಲಾಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಬಹಳ ಮಂದ. ಅದು ಲೋಕವನ್ನು ತಿಳಿಯುವುದು ಕಾಲಿನ ಕೂದಲಿಗೆ ತಾಗುವ ಕಂಪನದಿಂದ. ಆ ಕೋಟೆ ಅವಳಿಗಲ್ಲ, ನಮಗೆ. ನೆಲದ ಜೇಡ ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯಬಹುದು, ಆದ್ದರಿಂದ ಹತ್ತಲು ಏನನ್ನೂ ಇಡದಿರುವುದೇ ದಯೆ. ಹಾಸಿನಿಂದ ಮುಚ್ಚಳಕ್ಕೆ ಅವಳ ಕಾಲಗಲದ ಒಂದೂವರೆ ಪಟ್ಟಿಗಿಂತ ಹೆಚ್ಚು ಎತ್ತರ ಬಿಡದೆ ಹಾಸು ತುಂಬಬೇಕು. ಆಳವಾದ ಹಾಸು, ಒಂದು ತೊಗಟೆಯ ಮರೆ, ಒಂದು ಬಟ್ಟಲು ನೀರು. ಇದಕ್ಕಿಂತ ಹೆಚ್ಚು ಇಟ್ಟದ್ದೆಲ್ಲ ನಮ್ಮ ಪರಿಗ್ರಹ. ಇಟ್ಟಷ್ಟೂ ತೊಳೆಯಬೇಕು, ತೊಳೆದಷ್ಟೂ ಕೊಲ್ಲಬೇಕು.

ಹೀಗೆ ಹಿಂದಕ್ಕೆ ಹಿಂದಕ್ಕೆ ಹೋದರೆ ಎಲ್ಲಕ್ಕೂ ಮೊದಲ ಆಯ್ಕೆ ಸಿಗುತ್ತದೆ, ಜೇಡವನ್ನು ಕೊಂಡ ದಿನದ್ದು. ಕಾರ್ತಿಕೇಯಾನುಪ್ರೇಕ್ಷೆ ಎಂಬ ಗ್ರಂಥ ಬೆಕ್ಕು ಮೊದಲಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನೇ ಅನರ್ಥದಂಡದಲ್ಲಿ ಎಣಿಸುತ್ತದೆ. ಮಗನಿಗೆ ಇದನ್ನು ಹೇಳಿದ್ದೇನೆ, ಬೈಯದೆ ಹೇಳಿದ್ದೇನೆ. ಅವನು ಆ ಜೇಡದಿಂದ ಹೆದರಿಕೆ ಬಿಟ್ಟು ಪ್ರೀತಿಸುವುದನ್ನು ಕಲಿತ, ಅದು ಸಣ್ಣದಲ್ಲ. ಈಗ ಮಣ್ಣು ಬೇಯಿಸಬೇಡ ಎಂಬ ನನ್ನ ಮಾತನ್ನೂ ಒಪ್ಪಿದ್ದಾನೆ. ಇವಳು ಇರುವಷ್ಟು ಕಾಲ ನೋಡಿಕೊಳ್ಳುತ್ತೇವೆ. ಇವಳ ನಂತರ ಇನ್ನೊಂದು ಬರುವುದಿಲ್ಲ.

ಓದುವವರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಮನೆಯಲ್ಲಿ ಈಗಾಗಲೇ ಇಂಥ ಜೀವವಿದ್ದರೆ ಒಣ ಹಾಸು ಹಾಕಿ, ಎಂಜಲು ತೆಗೆಯಿರಿ, ಓವನ್ನನ್ನು ಅಡುಗೆಗೇ ಬಿಡಿ. ಇಲ್ಲದಿದ್ದರೆ ತರಬೇಡಿ. ಮಕ್ಕಳು ನೋಡಬೇಕೆಂದು ಹಟ ಹಿಡಿದರೆ, ಟೂಸಾನಿನಲ್ಲಿರುವವರು ಜುಲೈ-ಆಗಸ್ಟಿನ ಮಳೆಯ ಸಂಜೆ ಅವರನ್ನು ಹೊರಗೆ ಕರೆದೊಯ್ಯಿರಿ, ಹೆಣ್ಣನ್ನು ಹುಡುಕಿ ಹೊರಟ ಗಂಡು ಟರಾಂಟುಲಾಗಳು ರಸ್ತೆ ದಾಟುತ್ತಿರುತ್ತವೆ. ಊರಿನಲ್ಲಿರುವವರಿಗೆ ಪಶ್ಚಿಮ ಘಟ್ಟವೇ ಇದೆ, ಅಲ್ಲಿನ ಮಣ್ಣಿನ ದರೆಗಳಲ್ಲಿ ಥ್ರಿಗ್ಮೋಪಿಯಸ್ ಕುಲದ ಟರಾಂಟುಲಾಗಳು ನೂಲಿನ ಅಸ್ತರಿ ಹಾಕಿದ ಬಿಲಗಳಲ್ಲಿ ವಾಸಿಸುತ್ತವೆ. ದೂರದಿಂದ ತೋರಿಸಿ, ಬಿಲಕ್ಕೆ ಕಡ್ಡಿ ಹಾಕಬೇಡಿ, ಅಗೆದು ತೆಗೆದು ಮಾರುವವರು ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.